ಊರ ಹೆಸರಿನ ಅರ್ಕಾವೊತ್ತೂ ಗಣಕದ ಗಿರಣಿಯೂ

ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು ಎಂಬ ಊರಿನ ಹೆಸರನ್ನು ಸ್ಲೇಟಿನ ಮೇಲೆ ಬರೆಯಲು ನಾಲ್ಕನೆಯ ತರಗತಿಯ ಹುಡುಗನಿಗೆ ಕಷ್ಟವೇನಿಲ್ಲ. ಕ್ಯಾ, ತ, ಗಾ, ನ, ಚೆ, ರ್ಲು ಎಂದು ಆರೇ ಅಕ್ಷರ. ಮೊದಲನೆಯದಕ್ಕೆ ಯ ಒತ್ತು, ಕೊನೆಯದಕ್ಕೆ ಅರ್ಕಾವೊತ್ತು. ಇದೇ ಹೆಸರನ್ನು ಗಣಕಯಂತ್ರಕ್ಕೆ ಕೊಟ್ಟು ನೋಡಿ, ಲೆಕ್ಕವೇ ಬದಲಾಗುತ್ತದೆ. ಯುನಿಕೋಡ್ ಪದ್ಧತಿಯಲ್ಲಿ ಕಡತದೊಳಗೆ ಆರು ಅಕ್ಷರಗಳಿರುವುದಿಲ್ಲ, 14 ಸಂಕೇತಗಳಿರುತ್ತವೆ. ಕ, ಅದರ ಹಿಂದೆ ಹಲಂತದ ಗುರುತು, ಆಮೇಲೆ ಯ, ಆಮೇಲೆ ದೀರ್ಘ, ಹೀಗೆ ಸಾಲಾಗಿ ನಿಂತ ಬರಿಯ ಅಂಕಿಗಳು. ಅವನ್ನು ಆರು ಅಕ್ಷರಗಳಾಗಿ ಹೆಣೆದು ತೆರೆಯ ಮೇಲೆ ಇಡಲು ನಡುವೆ ಯಾರಾದರೂ ಬೇಕು.

ಕೊನೆಯ ಅಕ್ಷರವಂತೂ ಇನ್ನೂ ಸ್ವಾರಸ್ಯದ್ದು. ಬಾಯಲ್ಲಿ ಹೇಳುವಾಗ ರ ಮೊದಲು, ಲ ಆಮೇಲೆ. ಕಡತದಲ್ಲೂ ಅದೇ ಕ್ರಮ: ರ, ಹಲಂತ, ಲ, ಉಕಾರ. ಆದರೆ ಕನ್ನಡದ ಬರವಣಿಗೆಯಲ್ಲಿ ಲು ಮುಂದೆ ಬಂದು, ರಕಾರವು ಅರ್ಕಾವೊತ್ತಿನ ರೂಪ ತಾಳಿ ಅದರ ಬಲಕ್ಕೆ ಹೋಗಿ ಕೂರುತ್ತದೆ. ಗಡಿ ದಾಟಿ ಆಂಧ್ರದ ಕಡೆ ಹೋದರೆ, ಇದೇ ಉಚ್ಚಾರಣೆಗೆ ತೆಲುಗಿನಲ್ಲಿ ರ ತನ್ನ ಜಾಗದಲ್ಲೇ ಉಳಿದು ಲ ಒತ್ತಾಗಿ ಕೆಳಗಿಳಿಯುತ್ತದೆ. ಪಾವಗಡದ ಸುತ್ತ ಬಹುಪಾಲು ಆಂಧ್ರದ ನೆಲವೇ ಇರುವುದರಿಂದ ಅಲ್ಲಿನ ಜನಕ್ಕೆ ಎರಡೂ ಬಗೆ ರೂಢಿ. ಗಣಕಕ್ಕೆ ಹಾಗಲ್ಲ. ಕನ್ನಡಕ್ಕೆ ಹೀಗೆ, ತೆಲುಗಿಗೆ ಹಾಗೆ ಎಂದು ಯಾರೋ ಬರೆದಿಟ್ಟಿರಬೇಕು, ಆ ಬರೆದಿಟ್ಟದ್ದು ಆ ಗಣಕದಲ್ಲಿ ಇರಬೇಕು, ಅದೂ ಸರಿಯಾದ ಆವೃತ್ತಿಯದ್ದಾಗಿರಬೇಕು.

ಅದಿಲ್ಲದ ಗಣಕದಲ್ಲಿ ಏನಾಗುತ್ತದೆ? ಕ ಒಂದು ಕಡೆ, ಹಲಂತದ ಕೊಂಬು ಒಂದು ಕಡೆ, ಯಾ ಮತ್ತೊಂದು ಕಡೆ ಒಡೆದು ನಿಲ್ಲುತ್ತವೆ. ಚೆರ್ಲು ಎಂಬುದು ಚೆ, ರ, ಕೊಂಬು, ಲು ಎಂದು ಚೂರಾಗುತ್ತದೆ. ಕಡತ ಅದೇ, ಅದನ್ನು ತೆರೆದ ತಂತ್ರಾಂಶವೂ ಅದೇ. ಪಕ್ಕದ ಮೇಜಿನ ಗಣಕದಲ್ಲಿ ಸರಿಯಾಗಿರುವುದು ಇಲ್ಲಿ ಕೆಟ್ಟಿರುತ್ತದೆ. ಬೆರಳಚ್ಚು ಮಾಡಿದವರು ಬೈಸಿಕೊಳ್ಳುತ್ತಾರೆ, ಕೀಲಿಮಣೆ ಬೈಸಿಕೊಳ್ಳುತ್ತದೆ. ಎರಡೂ ನಿರಪರಾಧಿಗಳು.

ಬೀಸುವ ಕಲ್ಲು ಮತ್ತು ಗಿರಣಿ

ಗಣಕದ ತಂತ್ರಾಂಶವನ್ನು ಮನುಷ್ಯರು ತಮಗೆ ಅರ್ಥವಾಗುವ ಒಂದು ಭಾಷೆಯಲ್ಲಿ ಬರೆಯುತ್ತಾರೆ. ಕಂಪೈಲರ್ ಎಂಬ ಇನ್ನೊಂದು ತಂತ್ರಾಂಶ ಅದನ್ನು ಯಂತ್ರದ ಆಜ್ಞೆಗಳಾಗಿ ಮಾರ್ಪಡಿಸುತ್ತದೆ. ಒಮ್ಮೆ ಹೀಗೆ ಮಾರ್ಪಟ್ಟ ಮೇಲೆ ತಂತ್ರಾಂಶ ಪೂರ್ಣವಾಯಿತು, ಎಲ್ಲಿ ಒಯ್ದರೂ ನಡೆಯುತ್ತದೆ ಎಂದು ಹೆಚ್ಚಿನವರು ತಿಳಿಯುತ್ತಾರೆ. ವಾಸ್ತವದಲ್ಲಿ ಅದು ಅರ್ಧವೇ. ಅಕ್ಷರ ಜೋಡಿಸುವುದು, ಕಡತ ತೆರೆಯುವುದು, ದಿನಾಂಕ ಕೇಳುವುದು, ನೆನಪಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮಾಹಿತಿ ನಕಲು ಮಾಡುವುದು ಮುಂತಾದ ಎಲ್ಲರಿಗೂ ಬೇಕಾದ ಕೆಲಸಗಳನ್ನು ಅದು ತಾನೇ ಮಾಡುವುದಿಲ್ಲ. ಗಣಕದಲ್ಲಿ ಮೊದಲೇ ಇರುವ ಸಾರ್ವಜನಿಕ ಭಂಡಾರವೊಂದಕ್ಕೆ ಒಪ್ಪಿಸುತ್ತದೆ. ಈ ಭಂಡಾರಕ್ಕೆ ತಂತ್ರಜ್ಞರು ಇಟ್ಟ ಹೆಸರು ಲೈಬ್ರರಿ. ಪುಸ್ತಕಗಳಿಗೂ ಇದಕ್ಕೂ ಸಂಬಂಧವಿಲ್ಲ.

ಹಿಂದೆ ಮನೆಮನೆಯಲ್ಲೂ ಬೀಸುವ ಕಲ್ಲು ಇತ್ತು. ಆಮೇಲೆ ಊರಿಗೊಂದು ಹಿಟ್ಟಿನ ಗಿರಣಿ ಬಂತು. ಮನೆಯಲ್ಲಿ ಕಲ್ಲು ಇಡುವ ಜಾಗ ಉಳಿಯಿತು, ತೋಳಿನ ಶ್ರಮ ಉಳಿಯಿತು. ಗಿರಣಿಯ ಕಲ್ಲು ಕಟ್ಟಿಸಿದರೆ ಅಂದಿನಿಂದ ಊರಿಗೆಲ್ಲ ನುಣ್ಣನೆಯ ಹಿಟ್ಟು. ಗಿರಣಿಯವನು ಎಡವಟ್ಟು ಮಾಡಿಕೊಂಡರೆ ಊರಿಗೆಲ್ಲ ಮರಳು ಮರಳು ಮುದ್ದೆ. ಹಂಚಿಕೊಳ್ಳುವ ಲೈಬ್ರರಿಯ ಲಾಭವೂ ನಷ್ಟವೂ ಇಷ್ಟೇ. ಒಂದೇ ಪ್ರತಿಯನ್ನು ನೂರಾರು ತಂತ್ರಾಂಶಗಳು ಬಳಸುವುದರಿಂದ ಗಣಕದ ಜಾಗ ಉಳಿಯುತ್ತದೆ. ಲೈಬ್ರರಿಯಲ್ಲಿ ಒಂದು ದೋಷ ತಿದ್ದಿದರೆ ನೂರಾರು ತಂತ್ರಾಂಶಗಳು ಒಟ್ಟಿಗೇ ಸರಿಹೋಗುತ್ತವೆ. ಅಲ್ಲೊಂದು ಹೊಸ ದೋಷ ಹೊಕ್ಕರೆ ನೂರಾರು ಒಟ್ಟಿಗೇ ಕೆಡುತ್ತವೆ.

ಮನೆಯಲ್ಲೇ ಬೀಸಿಕೊಳ್ಳುವ ದಾರಿಯೂ ಉಂಟು. ಲೈಬ್ರರಿಯ ಬೇಕಾದ ಭಾಗವನ್ನೆಲ್ಲ ಕಂಪೈಲ್ ಮಾಡುವಾಗಲೇ ತಂತ್ರಾಂಶದ ಹೊಟ್ಟೆಗೆ ತುಂಬಿಬಿಡುವುದು. ಆಗ ಊರ ಗಿರಣಿಯ ಹಂಗಿಲ್ಲ, ಊರ ಗಿರಣಿಗೆ ಬಂದ ಸುಧಾರಣೆಯೂ ಇಲ್ಲ.

ಮೂರನೆಯ ಕಲಮಿನ ಕಥೆ

ಕಂಪೈಲ್ ಆದ ತಂತ್ರಾಂಶದೊಳಗೆ ಲೈಬ್ರರಿಯ ಕೆಲಸಗಳ ಹೆಸರುಗಳು ಮಾತ್ರ ಇರುತ್ತವೆ, ಅವುಗಳ ವಿಳಾಸ ಖಾಲಿ ಇರುತ್ತದೆ. ತಂತ್ರಾಂಶವನ್ನು ನಡೆಸಿದ ಗಳಿಗೆಯಲ್ಲಿ ಒಬ್ಬ ದಲ್ಲಾಳಿ ಎದ್ದು ಬಂದು ಆ ಗಣಕದಲ್ಲಿರುವ ಲೈಬ್ರರಿಯನ್ನು ಹುಡುಕಿ, ವಿಳಾಸಗಳನ್ನು ತುಂಬಿಸಿ, ಇಬ್ಬರನ್ನೂ ಕೂಡಿಸುತ್ತಾನೆ. ತಂತ್ರಾಂಶ ತಯಾರಾದ ದಿನ ಬೆಂಗಳೂರಿನ ಗಣಕದಲ್ಲಿದ್ದ ಲೈಬ್ರರಿಯೇ ಬೇರೆ, ಪಾವಗಡದ ಗಣಕದಲ್ಲಿ ಇಂದು ಅದಕ್ಕೆ ಸಿಗುವ ಲೈಬ್ರರಿಯೇ ಬೇರೆ ಇರಬಹುದು. ಹೆಸರು ಒಂದೇ ಆದ್ದರಿಂದ ದಲ್ಲಾಳಿ ಅನುಮಾನ ಪಡುವುದಿಲ್ಲ.

ಇಲ್ಲಿಯ ಅಪಾಯವನ್ನು ಶಾಲೆಯ ಅಂಕಪಟ್ಟಿಯಿಂದ ತಿಳಿಯಬಹುದು. ಮೂರನೆಯ ಕಲಮಿನಲ್ಲಿರುವ ಅಂಕಗಳನ್ನು ಕೂಡು ಎಂದು ಗುಮಾಸ್ತರಿಗೆ ಹೇಳಿದೆ ಎಂದುಕೊಳ್ಳಿ. ವರ್ಷಗಟ್ಟಲೆ ಅವರು ಹಾಗೆಯೇ ಮಾಡಿಕೊಂಡು ಬಂದಿದ್ದಾರೆ. ಈ ವರ್ಷ ಹೊಸ ಪುಸ್ತಕ ಬಂತು. ಅದರಲ್ಲಿ ಯಾರೋ ಅನುಕೂಲಕ್ಕೆಂದು ನಡುವೆ ಹುಟ್ಟಿದ ವರ್ಷದ ಕಲಮು ಸೇರಿಸಿದ್ದಾರೆ. ಗುಮಾಸ್ತರು ಮೂರನೆಯ ಕಲಮನ್ನೇ ಕೂಡುತ್ತಾರೆ. ಮೊತ್ತ ಬರುತ್ತದೆ, ಸಹಿ ಬೀಳುತ್ತದೆ, ಮೊಹರೂ ಬೀಳುತ್ತದೆ. ಯಾರೂ ಕೂಗಾಡುವುದಿಲ್ಲ. ಲೈಬ್ರರಿಯ ಹೊಸ ಆವೃತ್ತಿ ತನ್ನ ಮಾಹಿತಿಯ ನಡುವೆ ಒಂದು ಹೊಸ ಅಂಶವನ್ನು ತುರುಕಿದರೆ ಹಳೆಯ ತಂತ್ರಾಂಶ ಮಾಡುವುದು ಇದನ್ನೇ. ನಿಂತೇ ಹೋದರೆ ಪುಣ್ಯ. ನಿಲ್ಲದೆ ತಪ್ಪಾಗಿ ನಡೆಯುವುದೇ ಹೆಚ್ಚಿನ ಕೇಡು. ಹೊಸ ಕಲಮನ್ನು ಕೊನೆಯಲ್ಲಿ ಸೇರಿಸಿದ್ದರೆ ಏನೂ ಆಗುತ್ತಿರಲಿಲ್ಲ. ಲೈಬ್ರರಿ ಬರೆಯುವವರ ಜಾಣತನದ ಅರ್ಧ ಪಾಲು ಇಂಥ ಸಣ್ಣ ಎಚ್ಚರಗಳಲ್ಲೇ ಇದೆ.

ಈ ಕೇಡನ್ನು ತಡೆಯಲು ಲಿನಕ್ಸ್ ಮೊದಲಾದ ವ್ಯವಸ್ಥೆಗಳಲ್ಲಿ ಲೈಬ್ರರಿಯ ಹೆಸರಿನ ಕೊನೆಗೆ ಒಂದು ಅಂಕಿ ಅಂಟಿಸುತ್ತಾರೆ. ಹಳೆಯ ತಂತ್ರಾಂಶಗಳಿಗೆ ಹೊಂದುವ ಬದಲಾವಣೆಯಾದರೆ ಅಂಕಿ ಹಾಗೆಯೇ ಇರುತ್ತದೆ. ಹೊಂದದ ಬದಲಾವಣೆಯಾದರೆ ಅಂಕಿ ಏರಿಸಬೇಕು. ಆಗ ಹಳೆಯ ತಂತ್ರಾಂಶ ಹಳೆಯ ಅಂಕಿಯ ಪ್ರತಿಯನ್ನೇ ಕೇಳುತ್ತದೆ, ಎರಡೂ ಪ್ರತಿಗಳು ಒಂದೇ ಗಣಕದಲ್ಲಿ ಜಗಳವಿಲ್ಲದೆ ಬಾಳುತ್ತವೆ. ಲಿನಕ್ಸಿನ ಮೂಲ ಲೈಬ್ರರಿಯಾದ ಗ್ಲಿಬ್‌ಸಿಯ ಹೆಸರಿನ ಕೊನೆಯ ಅಂಕಿ 6. ಅದರ ಹಿಂದಿನ ಲೈಬ್ರರಿಯ ಅಂಕಿ 5 ಆಗಿತ್ತು. 1997ರ ಸುಮಾರಿಗೆ ಐದರಿಂದ ಆರಕ್ಕೆ ಹೋದಾಗ ಬಳಕೆದಾರರು ಪಟ್ಟ ಪಾಡು ಅಷ್ಟಿಷ್ಟಲ್ಲ. ಅದರ ನೆನಪೋ ಏನೋ, ಅಂದಿನಿಂದ ಇಂದಿನವರೆಗೆ ಆ ಅಂಕಿ ಆರನ್ನು ದಾಟಿಲ್ಲ.

ಆದರೆ ಅಂಕಿ ಬದಲಾಯಿಸದೆ ಬೆಳೆಯುವುದು ಹೇಗೆ? ಅದಕ್ಕೆ ಗ್ಲಿಬ್‌ಸಿಯವರು ಒಂದೊಂದು ಕೆಲಸದ ಹೆಸರಿಗೂ ಪ್ರತ್ಯೇಕವಾಗಿ ಆವೃತ್ತಿಯ ಚೀಟಿ ಅಂಟಿಸಿದರು. ಇದರ ಬೆಲೆ ತಿಳಿದದ್ದು ಒಂದು ಪ್ರಸಿದ್ಧ ರಗಳೆಯಲ್ಲಿ. 2010ರಲ್ಲಿ ಫೆಡೋರಾ 14 ಎಂಬ ಲಿನಕ್ಸ್ ಬಂದಾಗ, ಫ್ಲಾಶ್ ತಂತ್ರಾಂಶದ ಮೂಲಕ ಹಾಡು ಕೇಳುತ್ತಿದ್ದವರಿಗೆ ಸ್ವರ ವಿಕಾರವಾಗಿ ಕೇಳತೊಡಗಿತು. ಕಾರಣ ಹುಡುಕುತ್ತಾ ಹೋದರೆ ಸಿಕ್ಕದ್ದು ಮೆಮ್‌ಕಾಪಿ ಎಂಬ ಪುಟ್ಟ ಕೆಲಸ. ನೆನಪಿನ ಒಂದು ಜಾಗದ ಮಾಹಿತಿಯನ್ನು ಇನ್ನೊಂದು ಜಾಗಕ್ಕೆ ನಕಲು ಮಾಡುವುದಷ್ಟೇ ಅದರ ಕಸುಬು. ಎರಡು ಜಾಗಗಳು ಒಂದರ ಮೇಲೊಂದು ಚಾಚಿರಬಾರದು ಎಂಬುದು ಅದರ ನಿಯಮ. ಫ್ಲಾಶ್ ಆ ನಿಯಮ ಮುರಿದಿತ್ತು. ಹಳೆಯ ಲೈಬ್ರರಿ ಮುಂದಿನಿಂದ ಹಿಂದಕ್ಕೆ ನಕಲು ಮಾಡುತ್ತಿದ್ದುದರಿಂದ ಆ ತಪ್ಪು ಮುಚ್ಚಿಹೋಗಿತ್ತು. ಹೊಸ ಆವೃತ್ತಿ ವೇಗಕ್ಕಾಗಿ ಕೆಲವು ಯಂತ್ರಗಳಲ್ಲಿ ಹಿಂದಿನಿಂದ ಮುಂದಕ್ಕೆ ನಕಲು ಮಾಡತೊಡಗಿತು, ತಪ್ಪು ಬಯಲಾಯಿತು.

ನಿಯಮದ ಪುಸ್ತಕ ನೋಡಿದರೆ ಲೈಬ್ರರಿಯದ್ದು ತಪ್ಪಿಲ್ಲ. ಲಿನಕ್ಸಿನ ಜನಕ ಲೀನಸ್ ಟೋರ್ವಾಲ್ಡ್ಸ್ ಮಾತ್ರ ಈ ಸಮರ್ಥನೆಯನ್ನು ಒಪ್ಪಲಿಲ್ಲ. ನಿನ್ನೆ ನಡೆಯುತ್ತಿದ್ದುದು ಇಂದು ನಿಂತರೆ ಬಳಕೆದಾರನಿಗೆ ನಿಯಮ ತೋರಿಸಿ ಪ್ರಯೋಜನವೇನು ಎಂಬುದು ಅವರ ವಾದದ ತಿರುಳು. ಅವರ ಮಾತಿನ ಖಾರ ಎಲ್ಲರಿಗೂ ಒಗ್ಗುವುದಿಲ್ಲ, ಆದರೆ ಈ ವಾದದಲ್ಲಿ ನ್ಯಾಯವಿತ್ತು. 2011ರ ಗ್ಲಿಬ್‌ಸಿ 2.14ರಲ್ಲಿ ಪರಿಹಾರ ಬಂತು. ಹಳೆಯ ಚೀಟಿ ಹಿಡಿದು ಬರುವ ತಂತ್ರಾಂಶಕ್ಕೆ ಯಾವ ದಿಕ್ಕಿಗೂ ಕೆಡದ ಸುರಕ್ಷಿತ ನಕಲು, ಹೊಸದಾಗಿ ಕಂಪೈಲ್ ಆದದ್ದಕ್ಕೆ ವೇಗದ ನಕಲು. ಲೈಬ್ರರಿ ಒಂದೇ, ಕೊಡುವ ಸೇವೆ ಎರಡು ಬಗೆ.

ಇದರ ಇನ್ನೊಂದು ಮುಖವೂ ಇದೆ. ಹಳೆಯ ತಂತ್ರಾಂಶ ಹೊಸ ಲೈಬ್ರರಿಯ ಮೇಲೆ ನಡೆಯುತ್ತದೆ. ಹೊಸ ತಂತ್ರಾಂಶ ಹಳೆಯ ಲೈಬ್ರರಿಯ ಮೇಲೆ ನಡೆಯಬೇಕೆಂದೇನೂ ಇಲ್ಲ. ಬೆಂಗಳೂರಿನಲ್ಲಿ ಉಬುಂಟು 22.04 ಇರುವ ಗಣಕದಲ್ಲಿ ಒಬ್ಬ ಹುಡುಗಿ ಪುಟ್ಟದೊಂದು ತಂತ್ರಾಂಶವನ್ನು ಕಂಪೈಲ್ ಮಾಡಿ ಊರಿನ ಶಾಲೆಗೆ ತಂದಳು ಎನ್ನಿ. ಶಾಲೆಯ ಗಣಕದಲ್ಲಿ ಇರುವುದು ಉಬುಂಟು 20.04. ಗ್ಲಿಬ್‌ಸಿ 2.34 ಸಿಗಲಿಲ್ಲ ಎಂಬ ಒಂದು ಸಾಲು ತೆರೆಯ ಮೇಲೆ ಬಂದು ಎಲ್ಲವೂ ಸ್ತಬ್ಧವಾಗುತ್ತದೆ. ಅವಳ ಬರವಣಿಗೆಯಲ್ಲಿ ತಪ್ಪಿಲ್ಲ. ಅತ್ಯಂತ ಹಳೆಯ ಗಣಕ ಯಾವುದಿದೆಯೋ ಅದರಲ್ಲೇ ಕಂಪೈಲ್ ಮಾಡು ಎಂದು ಅನುಭವಸ್ಥರು ಹೇಳುವುದು ಇದಕ್ಕೇ.

ಕನ್ನಡದ ಪಾಡು

ಈಗ ಮತ್ತೆ ಊರ ಹೆಸರಿಗೆ ಬರೋಣ. ಕನ್ನಡದ ಒತ್ತಕ್ಷರಗಳನ್ನು ಜೋಡಿಸುವ ಕೆಲಸವೂ ಇಂಥ ಹಂಚಿಕೆಯ ಲೈಬ್ರರಿಯದ್ದೇ. ಅದು ಬರುವ ಮುಂಚೆ ಕನ್ನಡಿಗರು ಬೀಸುವ ಕಲ್ಲಿನ ದಾರಿ ಹಿಡಿದಿದ್ದರು. 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಮೊದಲಾದ ತಂತ್ರಾಂಶಗಳ ಆರಂಭದ ಕಾಲದಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲೇ ಕನ್ನಡದ ಅಕ್ಷರಚೂರುಗಳನ್ನು ಇಟ್ಟು, ಕೀಲಿ ಒತ್ತಿದಾಗಲೇ ಚೂರುಗಳನ್ನು ಜೋಡಿಸಿಬಿಡುತ್ತಿದ್ದರು. ಗಣಕಕ್ಕೆ ಕನ್ನಡ ತಿಳಿಯಬೇಕಿರಲಿಲ್ಲ. ಕನ್ನಡದ ಗಣಕೀಕರಣ ನಡೆದದ್ದೇ ಈ ಉಪಾಯದಿಂದ, ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಆ ಫಾಂಟ್ ಇಲ್ಲದ ಗಣಕದಲ್ಲಿ ಅದೇ ಕಡತ ಇಂಗ್ಲಿಷ್ ಅಕ್ಷರಗಳ ಕಸದ ರಾಶಿ. ಇಂದಿಗೂ ಎಷ್ಟೋ ಕಚೇರಿಗಳ ಹಳೆಯ ಕಡತಗಳು ಪರಿವರ್ತಕ ತಂತ್ರಾಂಶದ ದಾರಿ ಕಾಯುತ್ತಿವೆ.

1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಮನೆಗಳು ಸಿಕ್ಕಿದ್ದವು. ಮನೆ ಸಿಕ್ಕರೂ ಒಲೆ ಹಚ್ಚಲು ಹತ್ತು ವರ್ಷ ಬೇಕಾಯಿತು. ವಿಂಡೋಸ್ 2000ದಲ್ಲಿ ದೇವನಾಗರಿ ಮತ್ತು ತಮಿಳಿಗೆ ಬೆಂಬಲವಿತ್ತು, ಕನ್ನಡಕ್ಕಿರಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟಿನ ಜೊತೆಗೆ ಕನ್ನಡವೂ ಬಂತು. ಅಕ್ಷರ ಹೆಣೆಯುವ ಹೊಣೆ ಯೂನಿಸ್ಕ್ರೈಬ್ ಎಂಬ ಲೈಬ್ರರಿಯದ್ದು. ಯುಎಸ್‌ಪಿ10.ಡಿಎಲ್‌ಎಲ್ ಎಂಬುದು ಆ ಕಡತದ ಹೆಸರು.

ಹೆಸರು ಒಂದೇ, ಪ್ರತಿಗಳು ಹಲವು. ವಿಂಡೋಸ್ ಜೊತೆಗೆ ಬಂದದ್ದು ಒಂದು. ಆಫೀಸ್ 2003ರ ಜೊತೆ ಅದರ ಸ್ವಂತಕ್ಕೆಂದು ಬಂದದ್ದು ಇನ್ನೊಂದು, ಹೊಸದು. ಹೀಗಾಗಿ ವರ್ಡ್‌ನಲ್ಲಿ ಒಂದು ರೀತಿ ಕಂಡ ಭಾರತೀಯ ಲಿಪಿಯ ಸಾಲು ಅದೇ ಗಣಕದ ನೋಟ್‌ಪ್ಯಾಡ್‌ನಲ್ಲಿ ಬೇರೆ ರೀತಿ ಕಾಣುವ ಸಾಧ್ಯತೆಯಿತ್ತು. ಹುಷಾರಾದವರು ಆಫೀಸಿನ ಹೊಸ ಪ್ರತಿಯನ್ನು ತೆಗೆದು ವಿಂಡೋಸಿನ ಹಳೆಯದರ ಮೇಲೆ ಇಡಲು ಹೋದರು. ವಿಂಡೋಸಿನ ಕಾವಲುಗಾರ ತಂತ್ರಾಂಶ ಅದನ್ನು ಕಂಡು, ಸದ್ದಿಲ್ಲದೆ ಹಳೆಯದನ್ನೇ ವಾಪಸು ತಂದಿಡುತ್ತಿತ್ತು. ಅದಕ್ಕೂ ಕಾರಣವಿತ್ತು. ಒಂದೊಂದು ತಂತ್ರಾಂಶವೂ ತನಗೆ ಬೇಕಾದ ಪ್ರತಿಯನ್ನು ಸಾರ್ವಜನಿಕ ಜಾಗದಲ್ಲಿ ತುರುಕಿ ಉಳಿದವನ್ನು ಕೆಡಿಸುತ್ತಿದ್ದ ಕಾಲವೊಂದಿತ್ತು. ಡಿಎಲ್‌ಎಲ್ ನರಕ ಎಂದೇ ಅದು ಹೆಸರಾಗಿತ್ತು. ಆಗ ಉಳಿದ ಉಪಾಯ, ತಂತ್ರಾಂಶದ ಸ್ವಂತ ಫೋಲ್ಡರಿನಲ್ಲೇ ಹೊಸ ಪ್ರತಿ ಇಡುವುದು. ವಿಂಡೋಸಿನ ದಲ್ಲಾಳಿ ಮೊದಲು ಹುಡುಕುವುದು ಅಲ್ಲೇ. ಮತ್ತೆ ಮನೆಗೊಂದು ಬೀಸುವ ಕಲ್ಲು!

ಕನ್ನಡಕ್ಕೆ ಇನ್ನೊಂದು ತೊಡಕೂ ಇತ್ತು, ಅದೂ ರಕಾರದ್ದೇ. ಚೆರ್ಲುವಿನಲ್ಲಿ ಅರ್ಕಾವೊತ್ತು ಬೇಕು. ಆದರೆ ರ‍್ಯಾಂಕ್ ಎಂದು ಬರೆಯುವಾಗ ಅದು ಬೇಡ; ರ ಇದ್ದಲ್ಲೇ ಇದ್ದು ಯ ಒತ್ತಾಗಬೇಕು. ಎರಡಕ್ಕೂ ಸಂಕೇತಗಳ ಸಾಲು ಒಂದೇ ಬಗೆಯದು. ಗಣಕಕ್ಕೆ ವ್ಯತ್ಯಾಸ ತಿಳಿಸಲು ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತವನ್ನು ನಡುವೆ ಇಡುತ್ತಾರೆ. ಎಲ್ಲಿ ಇಡಬೇಕು? ಹಲಂತದ ನಂತರ ಇಡುವುದು ಹಳೆಯ ರೂಢಿ. ರಕಾರದ ನಂತರ, ಹಲಂತಕ್ಕೆ ಮುಂಚೆ ಇಡಬೇಕೆಂಬುದು ಯುನಿಕೋಡ್ ಶಿಷ್ಟತೆಯ ನಿಯಮ. ಹಳೆಯ ರೂಢಿಯಲ್ಲಿ ಕೀಲಿಸಿದ ಕಡತಗಳು ಆ ವೇಳೆಗಾಗಲೇ ರಾಶಿ ರಾಶಿ ಇದ್ದವು. ಹೊಸ ನಿಯಮವನ್ನು ಮಾತ್ರ ಬಲ್ಲ ಲೈಬ್ರರಿ ಬಂದರೆ ಅವೆಲ್ಲ ತಾವಾಗಿ ಕೆಟ್ಟಂತೆ. ಅವನ್ನು ಬರೆದವರು ಯಾರೋ, ಎಲ್ಲಿದ್ದಾರೋ. ಕರೆದು ತಿದ್ದಿಸುವವರು ಯಾರು?

ಇಂದು ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆ ಆಫೀಸ್, ಆಂಡ್ರಾಯ್ಡ್ ಫೋನು ಇವೆಲ್ಲ ಅಕ್ಷರ ಜೋಡಿಸಲು ನೆಚ್ಚಿರುವುದು ಹಾರ್ಫ್‌ಬಜ್ ಎಂಬ ಮುಕ್ತ ಲೈಬ್ರರಿಯನ್ನು. ಇರಾನ್ ಮೂಲದ ಬೆಹದಾದ್ ಎಸ್ಫಹಬೋದ್ ಇದರ ಮುಖ್ಯ ನಿರ್ಮಾಪಕರು. ಇದರ ಮೂಲ ಬರವಣಿಗೆ ಯಾರು ಬೇಕಾದರೂ ಓದಬಹುದು. ಭಾರತೀಯ ಲಿಪಿಗಳ ಭಾಗವನ್ನು ತೆರೆದರೆ ಅಲ್ಲಿ ಕನ್ನಡಕ್ಕಾಗಿಯೇ ಒಂದು ವಿನಾಯಿತಿ ಇದೆ: ಕನ್ನಡದ ಹಳೆಯ ಬಳಕೆಗೆ ಹೊಂದಿಕೆಯಾಗಲೆಂದು, ರಕಾರ ಮತ್ತು ಹಲಂತದ ನಂತರ ಜೋಡಕ ಬಂದರೆ, ಅವೆರಡರ ಸ್ಥಾನವನ್ನು ಒಳಗೊಳಗೇ ಅದಲುಬದಲು ಮಾಡು. ಕೆಲವೇ ಸಾಲು. ಹಳೆಯ ರೂಢಿಯ ರ‍್ಯಾಂಕ್ ಕೂಡ ಸರಿಯಾಗಿ ಮೂಡುತ್ತಿರುವುದು ಆ ಸಾಲುಗಳಿಂದ.

ಫಾಂಟುಗಳ ವಿಷಯದಲ್ಲೂ ಇದೇ ಔದಾರ್ಯ ಕಾಣುತ್ತದೆ. ಕನ್ನಡ ಫಾಂಟಿನೊಳಗೆ ಲಿಪಿಯನ್ನು ಗುರುತಿಸುವ ನಾಲ್ಕಕ್ಷರದ ಚೀಟಿಯೊಂದು ಇರುತ್ತದೆ. ಮೊದಲು ಅದು ಕೆಎನ್‌ಡಿಎ ಆಗಿತ್ತು. ವಿಂಡೋಸ್ ವಿಸ್ಟಾ ಕಾಲಕ್ಕೆ ಒತ್ತುಗಳನ್ನು ಕಟ್ಟುವ ನಿಯಮ ಬದಲಾಯಿತು: ಹಿಂದೆ ವ್ಯಂಜನ ಮತ್ತು ಹಲಂತ ಎಂಬ ಕ್ರಮದಲ್ಲಿ ಒತ್ತು ಹುಡುಕುತ್ತಿದ್ದರೆ, ಹೊಸ ನಿಯಮದಲ್ಲಿ ಹಲಂತ ಮತ್ತು ವ್ಯಂಜನ. ಹಳೆಯ ಚೀಟಿಗೇ ಹೊಸ ಅರ್ಥ ಹಚ್ಚಿದ್ದರೆ ಅಲ್ಲಿಯವರೆಗಿನ ಫಾಂಟುಗಳೆಲ್ಲ ಹಾಳಾಗುತ್ತಿದ್ದವು. ಹಾಗೆ ಮಾಡದೆ ಕೆಎನ್‌ಡಿ2 ಎಂಬ ಹೊಸ ಚೀಟಿ ಮಾಡಿದರು. ಲೈಬ್ರರಿ ಚೀಟಿ ನೋಡಿ ಆಯಾ ಕಾಲದ ನಿಯಮದಂತೆ ನಡೆಯುತ್ತದೆ. ಮೆಮ್‌ಕಾಪಿಗೆ ಮಾಡಿದ್ದೂ ಇದನ್ನೇ ಅಲ್ಲವೆ?

28 ವರ್ಷದ ಕಾಗದ

ಕ್ಯಾತಗಾನಚೆರ್ಲುವಿನಂಥ ಊರಿಗೆ ಇದರಿಂದ ಏನಾಗಬೇಕು ಎಂದು ಕೇಳಬಹುದು. ಮಳೆ ಕಡಿಮೆ, ಶೇಂಗಾ ಬೆಳೆಯುವ ನೆಲ. ಪಾವಗಡದ ಸೌರ ಉದ್ಯಾನ ಹಬ್ಬಿರುವುದು ಇಲ್ಲೇ: ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ. ಸಾಮರ್ಥ್ಯ 2,050 ಮೆಗಾವಾಟ್. 2018ರಲ್ಲಿ ಮೊದಲ ಹಂತ ಉದ್ಘಾಟನೆಯಾಯಿತು. ಜಮೀನನ್ನು ರೈತರಿಂದ ಕೊಂಡದ್ದಲ್ಲ, ಗುತ್ತಿಗೆಗೆ ಪಡೆದದ್ದು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭ, ಎರಡು ವರ್ಷಕ್ಕೊಮ್ಮೆ ಏರಿಕೆ, ಅವಧಿ 28 ವರ್ಷ. ಪಹಣಿಗಳು ಭೂಮಿ ಯೋಜನೆಯ ಮೂಲಕ ಗಣಕಕ್ಕೆ ಹೋಗಿ ಎರಡು ದಶಕಗಳು ದಾಟಿವೆ. ಅಪ್ಪ ಸಹಿ ಮಾಡಿದ ಗುತ್ತಿಗೆ ಮುಗಿಯುವಾಗ ಲೆಕ್ಕ ಕೇಳುವವಳು ಮೊಮ್ಮಗಳಿರಬಹುದು. ಅಷ್ಟರಲ್ಲಿ ಗಣಕಗಳು ಎಷ್ಟು ಸಲ ಬದಲಾಗಿರುತ್ತವೋ, ಲೈಬ್ರರಿಗಳು ಎಷ್ಟು ಆವೃತ್ತಿ ದಾಟಿರುತ್ತವೋ.

ಚಿತ್ರ ಕೆಟ್ಟರೆ ಚಿಂತೆಯಿಲ್ಲ, ಒಳಗಿನ ಸಂಕೇತಗಳು ಉಳಿದರೆ ಸಾಕು. ಯುನಿಕೋಡ್‌ನವರು ಒಮ್ಮೆ ಕೊಟ್ಟ ಮನೆಯನ್ನು ಕಸಿಯುವುದಿಲ್ಲ, ಬದಲಾಯಿಸುವುದೂ ಇಲ್ಲ ಎಂದು 1996ರ ಎರಡನೆಯ ಆವೃತ್ತಿಯಿಂದ ನಡೆದುಕೊಂಡು ಬಂದಿದ್ದಾರೆ. ಆದರೆ ಒಂದು ಎಚ್ಚರ ಬೇಕು. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹೆಸರುಗಳ ಒಳಗೆ ಜೋಡಕ ಬೇರೆ ಬೇರೆ ಕಡೆ ಕೂತಿದ್ದರೆ, ಗಣಕ ಅವನ್ನು ಎರಡು ಹೆಸರೆಂದೇ ಎಣಿಸಬಹುದು. ತೋರಿಸುವ ಲೈಬ್ರರಿ ಎರಡನ್ನೂ ಕ್ಷಮಿಸುತ್ತದೆ, ಹುಡುಕುವ ತಂತ್ರಾಂಶ ಕ್ಷಮಿಸದಿರಬಹುದು. ಅರ್ಕಾವೊತ್ತಿಲ್ಲದೆ ರಕಾರ ಬರೆಯುವ ಹೆಸರುಗಳು ಹುಡುಕಿದಾಗ ಸಿಗದಿದ್ದರೆ ಮೊದಲು ನೋಡಬೇಕಾದ್ದು ಇದನ್ನು. ಚೆರ್ಲುವಿಗೆ ಆ ಭಯವಿಲ್ಲ. ಅದಕ್ಕೆ ಜೋಡಕವೇ ಬೇಡ, ರ, ಹಲಂತ, ಲ ಸಾಕು. ಅಭ್ಯಾಸಬಲದಿಂದ ಯಾರಾದರೂ ತುರುಕಿದರೆ ಮಾತ್ರ ಕಷ್ಟ.

ಹಾರ್ಫ್‌ಬಜ್ ಲೈಬ್ರರಿಯ ಆವೃತ್ತಿ ಒಂದು, ಎರಡು ಎಂದು ಏರುತ್ತಾ ಹತ್ತನ್ನೂ ದಾಟಿದೆ. ಲಿನಕ್ಸಿನಲ್ಲಿ ಅದರ ಹೆಸರಿನ ಕೊನೆಗೆ ಅಂಟಿಸಿದ ಅಂಕಿ ಮಾತ್ರ ಈಗಲೂ ಸೊನ್ನೆಯೇ. ಅದರ ಜೊತೆಗೆ ಪರೀಕ್ಷೆಯ ಸಾಲುಗಳ ದೊಡ್ಡ ಪಟ್ಟಿಯೊಂದಿದೆ. ಯಾರೇ ಏನೇ ತಿದ್ದಿದರೂ ಆ ಸಾಲುಗಳನ್ನೆಲ್ಲ ಮತ್ತೊಮ್ಮೆ ಜೋಡಿಸಿ, ನಿನ್ನೆ ಬಂದ ರೂಪವೇ ಇಂದೂ ಬಂತೇ ಎಂದು ತಾಳೆ ನೋಡುತ್ತಾರೆ. ಕನ್ನಡದ ಸಾಲುಗಳೂ ಅದರಲ್ಲಿವೆ.